ಪರದೇಶದ ಸೂರಿಗೆ ದೀಪ ಹಾಕುವ ಹೈಕಳಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈಗ ಬೀದಿಗೊಬ್ಬರಾದರೂ ಹೊರದೇಶ ಸೇರಿದ ಮಗನೋ ಮಗಳೋ ಇದ್ದಾರೆ. ಅಲ್ಲಿ ಮನೆ ಕೊಂಡು ಹಾಲು ಉಕ್ಕಿಸಿದ್ದೇ ತಡ, ನನ್ನಂಥ ಹಳೇ ಕೆಇಬಿ ಲೈನ್‌ಮನ್‌ಗಳಿಗೆ ವಿಡಿಯೋ ಕಾಲ್ ಶುರುವಾಗುತ್ತದೆ. "ದೊಡ್ಡಪ್ಪಾ, ಮೇಲಿಂದ ಮೂರು ವೈರ್ ಇಳಿದಿವೆ, ಯಾವುದನ್ನ ಯಾವುದಕ್ಕೆ ಕೊಡ್ಲಿ?" ಫೋನಿನ ಮೂತಿ ಸೂರಿನ ಕಡೆಗಿರುತ್ತದೆ, ಕಾಲು ಏಣಿಯ ಮೇಲಿರುತ್ತದೆ. ಈಚೀಚೆಗೆ ನಾನು ಹೇಳುವ ಮೊದಲ ಮಾತು, "ಏಣಿ ಇಳಿ ಮಗಾ." ಇಳಿದ ಮೇಲೆ ಹೇಳುವ ಮಾತುಗಳು ಇವು.

• ಊರಿನ ವೈರ್‌ಮನ್‌ನ ಫೋನಲ್ಲಿ ಕೇಳಿಕೊಂಡು ಅಲ್ಲಿ ವೈರ್ ಸೇರಿಸಬೇಡಿ. ಆ ವೈರ್‌ಮನ್ ನಾನೇ ಆಗಿದ್ದರೂ ಅಷ್ಟೇ. ನಮ್ಮ ಕೆಲಸ ನಮಗೆ ಬರುತ್ತದೆ, ಅನುಮಾನವಿಲ್ಲ. ಆದರೆ ಅದು ಈ ನೆಲದ ಕೆಲಸ. ಇಲ್ಲಿ ಕಣ್ಣು ಮುಚ್ಚಿ ಮಾಡುವುದನ್ನೇ ಅಲ್ಲಿ ಮಾಡಿದರೆ ಪ್ರಾಣಕ್ಕೆ ಕುತ್ತು. ಯಾಕೆ ಅನ್ನುವುದನ್ನು ಮುಂದಿನ ಮಾತಿನಲ್ಲಿ ನೋಡಿ.

• ಬಣ್ಣ ನಂಬಬೇಡಿ. ನಮ್ಮಲ್ಲಿ ಸಿಂಗಲ್ ಫೇಸ್ ಮನೆಗೆ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ತು. ತ್ರೀ ಫೇಸ್ ಇದ್ದರೆ ಕೆಂಪು, ಹಳದಿ, ನೀಲಿ ಮೂರೂ ಫೇಸು. ಮದ್ದೂರಿನ ಯಾವ ವೈರ್‌ಮನ್ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕಪ್ಪು ಅಂದರೆ ನ್ಯೂಟ್ರಲ್ ಅಂತಾನೆ. ಅಮೆರಿಕ, ಕೆನಡಾದಲ್ಲಿ ಕಪ್ಪೇ ಫೇಸು! ಬಿಳಿ ನ್ಯೂಟ್ರಲ್ಲು. ಹಸಿರು ತಂತಿ, ಇಲ್ಲವೇ ಮೈಮೇಲೆ ಏನೂ ಇಲ್ಲದ ಬರೀ ತಾಮ್ರದ ತಂತಿ ಅರ್ತು. ಊರಿನ ವೈರ್‌ಮನ್ ಫೋನಲ್ಲಿ "ಕಪ್ಪು ಮುಟ್ಟಿದ್ರೆ ಏನೂ ಆಗಲ್ಲ" ಅಂದ ಅಂತ ಮುಟ್ಟಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನದು ಇನ್ನೊಂದು ಕಥೆ. ಅಲ್ಲಿ ಕಂದು ಬಣ್ಣ ಫೇಸು, ನೀಲಿ ನ್ಯೂಟ್ರಲ್ಲು, ಹಸಿರು-ಹಳದಿ ಪಟ್ಟೆ ಇರುವುದು ಅರ್ತು. ನಮ್ಮ ನೀಲಿಯಲ್ಲಿ ಕರೆಂಟ್ ಇರುತ್ತದೆ, ಅವರ ನೀಲಿ ನ್ಯೂಟ್ರಲ್. ನಮ್ಮ ಕೆಂಪು-ಕಪ್ಪು ಪದ್ಧತಿ ಬಂದದ್ದು ಬ್ರಿಟನ್ನಿನಿಂದ. ಕೊಟ್ಟವರೇ ಅದನ್ನು ಕೈಬಿಟ್ಟರು. 2004ರಲ್ಲಿ ಅಲ್ಲಿ ಹೊಸ ಬಣ್ಣ ಬಂತು, 2006ರ ಏಪ್ರಿಲ್‌ನಿಂದ ಹೊಸ ಕೆಲಸಕ್ಕೆಲ್ಲ ಕಡ್ಡಾಯವಾಯಿತು. ಹಾಗಾಗಿ ಹಳೇ ಮನೆಗೆ ಆಮೇಲೊಂದು ಕೋಣೆ ಸೇರಿಸಿದ್ದರೆ ಒಂದೇ ಸೂರಿನಡಿ ಎರಡೂ ಬಣ್ಣ ಸಿಗಬಹುದು. ಜರ್ಮನಿಯಲ್ಲಿ 1965ಕ್ಕೆ ಮುಂಚಿನ ಕಟ್ಟಡವಾದರೆ ಕೆಂಪು ತಂತಿ ಅರ್ತ್ ಆಗಿರುವುದೂ ಉಂಟು. ಕೆಂಪು ಕಂಡ ಕೂಡಲೇ ಫೇಸ್ ಅನ್ನುವ ನಮ್ಮ ಕಣ್ಣು ಅಲ್ಲಿ ಕುರುಡು.

ಅಮೆರಿಕದ ಹಳೇ ಮನೆಗಳಲ್ಲಿ ಇನ್ನೂ ಒಂದು ಗೂಢ ಉಂಟು. ಸೀಲಿಂಗ್ ಬಾಕ್ಸಿನೊಳಗೆ ಒಂದು ಬಿಳಿ ತಂತಿ ಕಪ್ಪು ತಂತಿಗಳ ಗುಂಪಿಗೆ ಸೇರಿರುತ್ತದೆ. ಯಾರೋ ಎಡವಟ್ಟು ಮಾಡಿದ್ದಾರೆ ಎಂದು ಅದನ್ನು ಬಿಡಿಸಲು ಹೋಗಬೇಡಿ. ಅದು ಸ್ವಿಚ್ಚಿಗೆ ಕರೆಂಟ್ ಇಳಿಸುವ ತಂತಿ. ತುದಿಗೆ ಕಪ್ಪು ಟೇಪಿನ ಗುರುತು ಹಾಕಿರಬೇಕು, ಎಷ್ಟೋ ಮನೆಗಳಲ್ಲಿ ಹಾಕಿರುವುದಿಲ್ಲ.

• ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದಲ್ಲ, ನಾಲ್ಕು ಕಡೆಯಿಂದ.

• "ಸ್ವಿಚ್ ಇದೆ, ದೀಪವೇ ಇಲ್ಲ" ಎಂದು ದೂರುವವರು ಬಹಳ. ಅಮೆರಿಕದ ಮಲಗುವ ಕೋಣೆ, ಹಾಲ್‌ಗಳಲ್ಲಿ ಸೀಲಿಂಗ್ ದೀಪ ಇರಲೇಬೇಕೆಂಬ ನಿಯಮವಿಲ್ಲ. ಗೋಡೆಯ ಸ್ವಿಚ್ಚಿನಿಂದ ಕೆಳಗಿನ ಒಂದು ಪ್ಲಗ್ ಪಾಯಿಂಟಿಗೆ ಕರೆಂಟ್ ಬಂದರೆ ಸಾಕು, ಅದಕ್ಕೆ ನಿಲುವು ದೀಪ ಸಿಕ್ಕಿಸಿಕೊಳ್ಳಿ ಎನ್ನುತ್ತದೆ ಅವರ ಕಾನೂನು. ಅಡುಗೆಮನೆ, ಬಚ್ಚಲಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಆದ್ದರಿಂದ ಸೂರಿನಲ್ಲಿ ಪಾಯಿಂಟೇ ಇಲ್ಲದ ಕೋಣೆಗೆ ಹೊಸದಾಗಿ ವೈರ್ ಎಳೆಯುವುದು ದೀಪ ಬದಲಿಸುವಷ್ಟು ಹಗುರದ ಕೆಲಸವಲ್ಲ. ಅದಕ್ಕೆ ಊರಾಡಳಿತದ ಪರ್ಮಿಟ್ ಬೇಕಾಗಬಹುದು. ನಿಲುವು ದೀಪ ತಂದಿಡಿ, ಮರ್ಯಾದೆ ಏನೂ ಹೋಗುವುದಿಲ್ಲ.

• ಕರೆಂಟ್ ತೆಗೆಯುವುದರಲ್ಲಿ ಊರಿನ ಚಾಳಿ ಬಿಡಿ. ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಆದಾಗ "ಹೆಂಗೂ ಕರೆಂಟಿಲ್ಲ" ಎಂದು ಹೋಲ್ಡರ್ ಬಿಚ್ಚುವವರಿದ್ದಾರೆ, ಸ್ವಿಚ್ ಒಂದನ್ನೇ ಆಫ್ ಮಾಡಿ ವೈರಿಗೆ ಕೈ ಹಾಕುವವರಿದ್ದಾರೆ. ಅಮೆರಿಕದಲ್ಲಿ ಸ್ವಿಚ್ಚೇ ತಲೆಕೆಳಗು. ನಮಗೆ ಕೆಳಗೊತ್ತಿದರೆ ಆನ್, ಅವರಿಗೆ ಮೇಲೆತ್ತಿದರೆ ಆನ್. ಮೆಟ್ಟಿಲ ದೀಪದಂತೆ ಎರಡು ಕಡೆ ಸ್ವಿಚ್ ಇದ್ದರೆ ಮೇಲೂ ಇಲ್ಲ, ಕೆಳಗೂ ಇಲ್ಲ. ಬ್ರೇಕರ್ ಪೆಟ್ಟಿಗೆಗೆ ಹೋಗಿ ಆ ಕೋಣೆಯ ಬ್ರೇಕರ್ ಇಳಿಸಿ. ಪೆಟ್ಟಿಗೆಯ ಬಾಗಿಲಲ್ಲಿ ಹಿಂದಿನ ಮಾಲೀಕ ಬರೆದಿಟ್ಟ ಪಟ್ಟಿ ಸರಿಯಿರುತ್ತದೆಂಬ ಭರವಸೆಯೂ ಬೇಡ.

ನಾವು ಕೆಲಸಕ್ಕೆ ಹೋದಾಗ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆವು, ಗೊತ್ತಿಲ್ಲದವರು ಯಾರೂ ವಾಪಸ್ ಹಾಕದಿರಲಿ ಅಂತ. ಬ್ರೇಕರನ್ನು ಜೇಬಿಗೆ ಹಾಕಲಾಗುವುದಿಲ್ಲವಲ್ಲ, ಅದರ ಮೇಲೆ ಟೇಪ್ ಅಂಟಿಸಿ ಚೀಟಿ ಬರೆಯಿರಿ. ವೈಫೈ ಹೋಯಿತೆಂದು ಮಗ ನೆಲಮಾಳಿಗೆಗೆ ಓಡಿಹೋಗಿ ಎಲ್ಲ ಬ್ರೇಕರ್ ಎತ್ತಿಬಿಡಬಹುದು.

• ಊರಿಂದ ಒಯ್ದ ಸ್ಕ್ರೂಡ್ರೈವರ್ ಟೆಸ್ಟರನ್ನು ಡಬ್ಬದಲ್ಲೇ ಇಟ್ಟಿರಿ. ಅದರೊಳಗಿನ ಪುಟ್ಟ ನಿಯಾನ್ ದೀಪ ಹೊತ್ತಿಕೊಳ್ಳುವುದು ನಿಮ್ಮ ಮೈ ಮೂಲಕ ನೆಲಕ್ಕೆ ಹರಿಯುವ ಎಳ್ಳಷ್ಟು ಕರೆಂಟಿನಿಂದ. ಇಲ್ಲಿನ 230 ವೋಲ್ಟಿಗೆ, ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಚೆನ್ನಾಗಿ ಉರಿಯುತ್ತದೆ. ಅಮೆರಿಕದ 120 ವೋಲ್ಟು, ಮರದ ನೆಲ, ಕಾರ್ಪೆಟ್ಟು, ಫೈಬರ್ ಏಣಿ ಎಲ್ಲ ಸೇರಿದರೆ ಮಂಕಾಗುತ್ತದೆ, ಹಗಲಲ್ಲಿ ಕಾಣುವುದೂ ಇಲ್ಲ. ಎರಡು ಕಡ್ಡಿಯ ಮೀಟರ್ ಕೊಳ್ಳಿ. ಮೊದಲು ಕರೆಂಟ್ ಇರುವ ಕಡೆ ಇಟ್ಟು ಮೀಟರ್ ಸರಿಯಿದೆಯೇ ನೋಡಿ, ಆಮೇಲೆ ಸೂರಿನ ತಂತಿ ನೋಡಿ, ಮತ್ತೆ ಕರೆಂಟ್ ಇರುವ ಕಡೆ ನೋಡಿ. ಮೀಟರೂ ಸಾಯುತ್ತದೆ.

• 120 ವೋಲ್ಟು ಎಂದು ಸಸಾರ ಮಾಡಬೇಡಿ. ಒದ್ದೆ ಕೈಗೆ ಅಷ್ಟು ಸಾಕು. ಜೊತೆಗೆ ವೋಲ್ಟು ಅರ್ಧವಾದರೆ ಅದೇ ದೀಪಕ್ಕೆ ಆಂಪಿಯರ್ ದುಪ್ಪಟ್ಟು. 60 ವಾಟಿಗೆ ಇಲ್ಲಿ ಕಾಲು ಆಂಪಿಯರ್ ಹರಿದರೆ ಅಲ್ಲಿ ಅರ್ಧ. ಸಡಿಲ ಜಾಯಿಂಟು ಕಾಯುವುದು ಆಂಪಿಯರ್‌ನಿಂದ. ಅಲ್ಲಿನ ಮನೆಗಳೋ ಮರದ ಮನೆಗಳು.

• ಬಲ್ಬು, ಹೋಲ್ಡರ್ ಇಲ್ಲಿಂದ ಹೊರಬೇಡಿ. ನಮ್ಮದು ಪಿನ್ನಿನ ಹೋಲ್ಡರ್, 22 ಮಿಲಿಮೀಟರಿನದು. ಬ್ರಿಟನ್ನಿನಲ್ಲಿ ಇದೇ ಈಗಲೂ ನಡೆಯುತ್ತದೆ. ಅಮೆರಿಕದಲ್ಲಿ 26 ಮಿಲಿಮೀಟರಿನ ತಿರುಪು ಹೋಲ್ಡರ್, ಯುರೋಪಿನ ಬಹುಪಾಲು ಕಡೆ 27ರದು. ತಿರುಪು ಹೋಲ್ಡರಿಗೆ ಎಡಿಸನ್ ಹೆಸರೇ ಇದೆ. ನ್ಯೂಜೆರ್ಸಿಯಲ್ಲಿ ನಮ್ಮವರು ತುಂಬಿಕೊಂಡಿರುವ ಊರಿಗೂ ಅವನದೇ ಹೆಸರು, 1954ರಿಂದ.

ತಿರುಪು ಹೋಲ್ಡರಿನಲ್ಲಿ ಒಂದು ಅಪಾಯವಿದೆ. ನಮ್ಮ ಪಿನ್ ಹೋಲ್ಡರಿಗೆ ಫೇಸ್, ನ್ಯೂಟ್ರಲ್ ಅದಲುಬದಲಾದರೂ ಅಷ್ಟೇನೂ ವ್ಯತ್ಯಾಸವಿಲ್ಲ, ಆದ್ದರಿಂದ ನಮ್ಮ ಹುಡುಗರು ಅದನ್ನು ನೋಡುವುದೇ ಇಲ್ಲ. ತಿರುಪಿನದರಲ್ಲಿ ಫೇಸ್ ತಳದ ನಡುವಿನ ಗುಬಟಿಗೇ ಹೋಗಬೇಕು, ನ್ಯೂಟ್ರಲ್ ಹೊರಗಿನ ತಿರುಪಿಗೆ. ತಪ್ಪಿದರೆ ಬಲ್ಬು ತಿರುಗಿಸುವಾಗ ಬೆರಳು ತಾಗುವ ಲೋಹದಲ್ಲೇ ಕರೆಂಟ್ ಇರುತ್ತದೆ, ದೀಪ ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಿರುತ್ತದೆ.

ಎಲ್‌ಇಡಿ ದೀಪವಾದರೆ ಅದರ ಮೇಲೆ ಬರೆದ ವೋಲ್ಟು ಓದಿ. 100ರಿಂದ 240 ಎಂದಿದ್ದರೆ ಎರಡೂ ಕಡೆ ಉರಿದೀತು. ಕರೆಂಟಿನ ಸೈಕಲ್ (ಹರ್ಟ್ಸ್) ಇಲ್ಲಿನ 50 ಇರಲಿ ಅಲ್ಲಿನ 60 ಇರಲಿ, ಅದಕ್ಕೆ ಲೆಕ್ಕವಿಲ್ಲ. ಮೋಟಾರಿಗೆ ಮಾತ್ರ ಲೆಕ್ಕವುಂಟು. ಆದರೆ ಇಲ್ಲಿನ ಫ್ಯಾನ್ ಅಲ್ಲಿ ಸೊರಗುವುದು ಮುಖ್ಯವಾಗಿ ವೋಲ್ಟು ಅರ್ಧವಾದ್ದರಿಂದ.

ಈ ಸೈಕಲ್ ವ್ಯತ್ಯಾಸ ಕಂಡು ಅಚ್ಚರಿಪಡುವ ಮಳವಳ್ಳಿ ಮಕ್ಕಳಿಗೆ ಒಂದು ಮಾತು. 1902ರಲ್ಲಿ ನಿಮ್ಮ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದು ಕರೆಂಟ್ ಕಳಿಸಿದಾಗ ಅದು 50 ಸೈಕಲ್ಲಿನದೂ ಅಲ್ಲ, 60ರದೂ ಅಲ್ಲ, 25ರದು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನು ಸ್ವಿಟ್ಜರ್ಲೆಂಡಿನದು. 25 ಸೈಕಲ್ ದೊಡ್ಡ ಮೋಟಾರುಗಳಿಗೆ ಒಗ್ಗುತ್ತಿತ್ತು, ದೀಪಕ್ಕೆ ಒಗ್ಗದು, ಕಣ್ಣಿಗೆ ಮಿಣುಕು ಕಾಣುತ್ತದೆ. ಊರಿಗೊಂದು ಲೆಕ್ಕ ಎನ್ನುವುದು ಕರೆಂಟಿನ ಹುಟ್ಟುಗುಣ, ನಮ್ಮ ಜಿಲ್ಲೆಯೂ ಅದಕ್ಕೆ ಹೊರತಲ್ಲ.

• ಸೂರು ಏನನ್ನು ಹೊರುತ್ತದೆ ಎಂದು ಮೊದಲು ನೋಡಿ. ನಮ್ಮದು ಸಿಮೆಂಟ್ ಮೋಲ್ಡು. ಹಾಕುವಾಗಲೇ ಕಬ್ಬಿಣದ ಕೊಕ್ಕೆ ಬಿಟ್ಟಿರುತ್ತಾರೆ, ಅದಕ್ಕೆ ಫ್ಯಾನಾದರೂ ನೇತುಹಾಕಿ, ತೊಟ್ಟಿಲಾದರೂ ಕಟ್ಟಿ. ಅಮೆರಿಕದಲ್ಲಿ ಕಾಣುವ ಬಿಳಿ ಸೂರು ಬರೀ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಹೊರುವುದು ಅದರ ಮೇಲಿರುವ ಮರದ ತೊಲೆಗಳು, ಸಾಮಾನ್ಯವಾಗಿ 16 ಇಂಚಿಗೊಂದು. ಹಲಗೆಗೆ ಸ್ಕ್ರೂ ಬಿಗಿದು ಹಿತ್ತಾಳೆಯ ದೀಪ ನೇತುಹಾಕಿದರೆ ಹಲಗೆ ಸಮೇತ ತಲೆಮೇಲೆ ಬೀಳುತ್ತದೆ.

ದೀಪದ ಭಾರ ಹೊರಬೇಕಾದದ್ದು ತೊಲೆಗೆ ಬಿಗಿದ ಬಾಕ್ಸು. ಅವರ ಕೋಡಿನ ಪ್ರಕಾರ ಸೀಲಿಂಗ್ ದೀಪದ ಬಾಕ್ಸು 50 ಪೌಂಡ್, ಅಂದರೆ ಸುಮಾರು 23 ಕೆಜಿ ತಡೆಯಬೇಕು. ಅದಕ್ಕಿಂತ ಭಾರದ ಗೊಂಚಲು ದೀಪಕ್ಕೆ ಬೇರೆ ಆಧಾರ ಬೇಕು. ಫ್ಯಾನಿಗೆ ಈ ಬಾಕ್ಸು ಸಾಲದು. ಫ್ಯಾನಿನ ಭಾರ ಕಡಿಮೆ ಇದ್ದರೂ ಅದು ದಿನವಿಡೀ ಅಲುಗಾಡಿಸುತ್ತಿರುತ್ತದೆ. ಫ್ಯಾನಿಗೆಂದೇ ಗುರುತು ಒತ್ತಿದ ಬಾಕ್ಸು ಬೇರೆ ಬರುತ್ತದೆ, ತೊಲೆಯಿಂದ ತೊಲೆಗೆ ಅಡ್ಡಪಟ್ಟಿ ಸಮೇತ. ದೀಪ ತೆಗೆದು ಅದೇ ಜಾಗಕ್ಕೆ ಫ್ಯಾನ್ ಏರಿಸಬೇಕೆಂಬ ಆಸೆ ನಮ್ಮವರಿಗೆಲ್ಲ ಇರುತ್ತದೆ, ಫ್ಯಾನಿಲ್ಲದೆ ನಿದ್ದೆ ಬರದ ಜನ ನಾವು. ಆ ಗುರುತು ಕಾಣದಿದ್ದರೆ ಬಾಕ್ಸು ಬದಲಿಸಿಯೇ ಫ್ಯಾನ್ ಹಾಕಿಸಿ.

• ಅರ್ತ್ ತಂತಿ ಕತ್ತರಿಸಿ ಮಡಿಸಿಡಬೇಡಿ. ನಮ್ಮೂರಲ್ಲಿ ಮನೆ ಪಕ್ಕ ಇದ್ದಲು, ಉಪ್ಪು ತುಂಬಿದ ಅರ್ತ್ ಗುಂಡಿ ಇರುತ್ತದೆ, ಬೇಸಿಗೆಯಲ್ಲಿ ನೀರು ಹೊಯ್ಯಬೇಕು, ಹೊಯ್ಯುವವರು ಎಷ್ಟು ಮಂದಿ ಎಂದು ಕೇಳಬೇಡಿ. ದೀಪದವರೆಗೆ ಅರ್ತ್ ಬಂದಿದ್ದರೂ ಹೋಲ್ಡರಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಸುತ್ತಿಡುವುದೇ ರೂಢಿ. ಅಲ್ಲಿ ದೀಪದ ಲೋಹದ ಮೈಗೆ ಹಸಿರು ಸ್ಕ್ರೂ ಕೊಟ್ಟಿರುತ್ತಾರೆ. ಬರಿಮೈ ತಾಮ್ರ ಅದಕ್ಕೆ ಸೇರಲೇಬೇಕು.

ಇನ್ನೂ ಕೆಟ್ಟ ಚಾಳಿಯೊಂದಿದೆ. ನ್ಯೂಟ್ರಲ್ ಕಡಿದಾಗ ಅರ್ತನ್ನೇ ನ್ಯೂಟ್ರಲ್ ಮಾಡಿ ಪಂಪ್‌ಸೆಟ್ ಮನೆಯಲ್ಲಿ ದೀಪ ಉರಿಸುತ್ತಾರೆ ನಮ್ಮವರು. ಅಲ್ಲಿ ಹಾಗೆ ಮಾಡಿದರೆ ಸೋರಿಕೆ ಹಿಡಿಯುವ ಬ್ರೇಕರ್ ಇದ್ದ ಮನೆಯಲ್ಲಿ ತಕ್ಷಣ ಟ್ರಿಪ್ ಆಗುತ್ತದೆ. ಇಲ್ಲದ ಮನೆಯಲ್ಲಿ ಟ್ರಿಪ್ ಆಗುವುದಿಲ್ಲ, ಅದೇ ಭಯ. ಬಿಳಿ ತಂತಿ ಮತ್ತು ಬರಿ ತಾಮ್ರ ಎರಡೂ ಒಂದಾಗುವ ಜಾಗ ಮುಖ್ಯ ಪೆಟ್ಟಿಗೆ ಒಂದೇ, ಸೂರಿನಲ್ಲಿ ಎಂದಿಗೂ ಅಲ್ಲ.

• ತಿರುಚಿ ಟೇಪ್ ಸುತ್ತುವ ಜಾಯಿಂಟು ಇಲ್ಲಿಗೇ ಇರಲಿ. ಅಲ್ಲಿ ಪ್ಲಾಸ್ಟಿಕ್ ಟೋಪಿಯಂಥ ತಿರುಪು ಕನೆಕ್ಟರ್ ಸಿಗುತ್ತದೆ, ಒತ್ತುಕೀಲಿನವೂ ಬಂದಿವೆ. ಹಾಕಿದ ಮೇಲೆ ಒಂದೊಂದೇ ತಂತಿ ಎಳೆದು ನೋಡಿ. ಜಾಯಿಂಟು ಯಾವತ್ತೂ ಬಾಕ್ಸಿನ ಒಳಗಿರಬೇಕು, ಸೂರಿನ ಮೇಲೆ ತೂಗಾಡುವಂತಿಲ್ಲ.

• ಬ್ರಿಟನ್ನಿಗೆ ಹೋದವರು ಸೀಲಿಂಗ್ ರೋಸ್ ಬಿಚ್ಚಿ ಗಾಬರಿಯಾಗುತ್ತಾರೆ. ನಮ್ಮಲ್ಲಿ ಲೂಪ್ ಎಲ್ಲ ಸ್ವಿಚ್ ಬೋರ್ಡಿನಲ್ಲೇ ಮುಗಿದು ದೀಪಕ್ಕೆ ಎರಡೇ ತಂತಿ ಬರುತ್ತದೆ. ಅಲ್ಲಿ ಲೂಪ್ ಇರುವುದು ಸೂರಿನಲ್ಲೇ, ಮೂರು ಕೇಬಲ್ ಬಂದಿರುತ್ತವೆ. ಹಳೇ ಬಣ್ಣದ ಮನೆಯಲ್ಲಿ ಕೆಂಪೆಲ್ಲ ಒಟ್ಟಿಗೆ, ಕಪ್ಪೆಲ್ಲ ಒಟ್ಟಿಗೆ ಸೇರಿಸಿದರೆ ಸ್ವಿಚ್ ಹಾಕಿದ ಕ್ಷಣ ಶಾರ್ಟ್. ಆ ಕಪ್ಪುಗಳಲ್ಲಿ ಒಂದು ಸ್ವಿಚ್ಚಿನಿಂದ ವಾಪಸ್ ಬಂದ ಫೇಸು. ಫೋಟೋ ತೆಗೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕೇ.

• ಜರ್ಮನಿಯ ಬಾಡಿಗೆ ಮನೆಗಳಲ್ಲಿ ದೀಪವೇ ಇರುವುದಿಲ್ಲ, ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ, ಸೂರಿನಿಂದ ತಂತಿ ಮಾತ್ರ ಇಳಿದಿರುತ್ತದೆ. ಹೋದ ರಾತ್ರಿಗೆ ಒಂದು ಟೇಬಲ್ ದೀಪ ಕೈಯಲ್ಲಿರಲಿ. ಜಪಾನಿನವರು ಜಾಣರು. ಸೂರಿನಲ್ಲಿ ತಯಾರು ಸಾಕೆಟ್ ಇರುತ್ತದೆ, ದೀಪವನ್ನು ಒತ್ತಿ ತಿರುಗಿಸಿದರೆ ಮುಗಿಯಿತು. ವೋಲ್ಟು ಮಾತ್ರ 100. ಆಸ್ಟ್ರೇಲಿಯಾದಲ್ಲಿ ಸೂರಿನ ದೀಪಕ್ಕೆ ವೈರ್ ಸೇರಿಸುವುದು ಲೈಸೆನ್ಸ್ ಇರುವವರ ಕೆಲಸ, ಸ್ವಂತ ಮನೆಯಾದರೂ ನೀವು ಮಾಡಿದರೆ ಕಾನೂನು ಮುರಿದ ಹಾಗೆ. ಸಿಡ್ನಿ, ಮೆಲ್ಬರ್ನ್ ಮಕ್ಕಳು ಈ ಬರಹವನ್ನು ಇಲ್ಲಿಗೇ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಬಹುದು.

• ನಾಗಮಂಗಲದ ಹಿತ್ತಾಳೆ ತೂಗುದೀಪ ಒಯ್ದು ದೇವರ ಕೋಣೆಗೆ ಕರೆಂಟ್ ದೀಪ ಮಾಡಿಸುವ ಆಸೆ ಹೆಣ್ಣುಮಕ್ಕಳಲ್ಲಿ ಬಹಳ ಕಂಡಿದ್ದೇನೆ. ಆಸೆ ಒಳ್ಳೆಯದೇ. ಆದರೆ ಎಣ್ಣೆಗೆಂದು ಎರಕ ಹೊಯ್ದ ದೀಪದ ತೂತಿನ ಅಂಚು ಚೂರಿಯಂತೆ, ವೈರಿನ ಮೈಯನ್ನು ಮೆಲ್ಲಗೆ ಕೊಯ್ಯುತ್ತದೆ, ಒಂದು ದಿನ ಇಡೀ ದೀಪಕ್ಕೆ ಕರೆಂಟ್ ಹತ್ತುತ್ತದೆ. ಮಾಡಿಸುವುದಾದರೆ ಅಲ್ಲಿನ ದೀಪದ ಅಂಗಡಿಯಲ್ಲೇ ಮಾಡಿಸಿ. ತೂತಿಗೆ ಬುಷ್ ಹಾಕಲಿ, ಹಿತ್ತಾಳೆಗೆ ಅರ್ತ್ ಕೊಡಲಿ, ಭಾರ ಸರಪಳಿಯ ಮೇಲಿರಲಿ, ವೈರಿನ ಮೇಲೆ ಬೇಡ. ಅಲ್ಲಿ ಮಾರುವ ದೀಪಗಳಿಗೆ ಯುಎಲ್, ಇಟಿಎಲ್, ಸಿಎಸ್‌ಎ ಮುದ್ರೆ ಇರುತ್ತದೆ, ನಮ್ಮ ಐಎಸ್‌ಐ ಇದ್ದಂತೆ. ಮುದ್ರೆಯಿಲ್ಲದ ದೀಪದಿಂದ ಬೆಂಕಿ ಬಿದ್ದರೆ ವಿಮೆಯವರು ತಕರಾರು ತೆಗೆಯಬಹುದು. ನನ್ನ ಕೇಳಿದರೆ, ಹಿತ್ತಾಳೆ ದೀಪ ಎಣ್ಣೆಯದಾಗಿಯೇ ಇರಲಿ, ಬೆಳಕಿಗೆ ಅಂಗಡಿಯ ದೀಪ ತನ್ನಿ.

• ಸೂರಿನ ಹೊಗೆ ಅಲಾರಾಂ ಕಿತ್ತು ಆ ಜಾಗಕ್ಕೆ ದೀಪ ಹಾಕಬೇಡಿ. ಮಂಗಳಾರತಿ ಹೊತ್ತಿಗೆ ಕಿರುಚಿಕೊಳ್ಳುತ್ತದೆ ಅನ್ನುವುದು ಸತ್ಯ. ದೇವರ ಕೋಣೆಯನ್ನು ಆಚೆ ಸರಿಸಿ, ಅಲಾರಾಂ ಸರಿಸಬೇಡಿ. ಅಪಾರ್ಟ್‌ಮೆಂಟಿನ ಸೂರಿನಲ್ಲಿ ನೀರು ಚಿಮ್ಮಿಸುವ ನಳಿಕೆ ಇದ್ದರೆ ಅದಕ್ಕೆ ತೋರಣ, ಸೀರಿಯಲ್ ಸೆಟ್ ಏನೂ ಕಟ್ಟಬೇಡಿ.

• ಮನೆ ಕಟ್ಟಿದ ವರ್ಷ ಕೇಳಿ. 1965ರಿಂದ 1973ರ ನಡುವೆ ಅಮೆರಿಕದ ಎಷ್ಟೋ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಹಾಕಿದ್ದಾರೆ. ಅಲ್ಯೂಮಿನಿಯಂ ಏನು ಮಾಡುತ್ತದೆಂದು ನಮಗೆ ಹೇಳಿಕೊಡಬೇಕೇ? ಕಂಬದಿಂದ ಬರುವ ಸರ್ವಿಸ್ ವೈರಿನ ಜಾಯಿಂಟು ಕಪ್ಪಾಗಿ, ಕಾದು, ದೀಪ ಡಿಮ್ ಆಗುವುದನ್ನು ಪ್ರತಿ ಮಳೆಗಾಲ ನೋಡಿದ್ದೇವೆ. ಅದೇ ಜಾಯಿಂಟು ಅಲ್ಲಿ ಒಣಮರದ ತೊಲೆಗಳ ನಡುವೆ ಇರುತ್ತದೆ. ತಂತಿ ಬೆಳ್ಳಿ ಬಣ್ಣ ಕಂಡರೆ ಮುಚ್ಚಿ ಕೆಳಗಿಳಿಯಿರಿ. 1985ಕ್ಕೆ ಮುಂಚಿನ ಮನೆಯಾದರೆ ಇನ್ನೊಂದು ತೊಡಕು. ಎಷ್ಟೋ ಹೊಸ ದೀಪಗಳಿಗೆ 90 ಡಿಗ್ರಿ ಶಾಖ ತಡೆಯುವ ವೈರ್ ಬೇಕು, ಆ ಮನೆಗಳ ವೈರ್ ತಡೆಯುವುದು ಸಾಮಾನ್ಯವಾಗಿ 60. ದೀಪದ ಡಬ್ಬದ ಮೇಲೆ ಇದನ್ನು ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಹಳೇ ಸೂರಿನ ಮೇಲೆ ಮಂಡಕ್ಕಿ ಮೆತ್ತಿದಂಥ ಉರುಟು ಲೇಪವಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಡ್ರಿಲ್ ಇಡಬೇಡಿ.

• ಏಣಿಯ ಕಾಲು ಹಿಡಿಯಲು ಇನ್ನೊಬ್ಬರು ಇರಲಿ. ಶಾಕ್ ಸಣ್ಣದಿದ್ದರೂ ಬೆಚ್ಚಿ ಬಿದ್ದವನ ಸೊಂಟ ಮುರಿಯುತ್ತದೆ. ತಿರುಗುವ ಆಫೀಸ್ ಕುರ್ಚಿ ಹತ್ತುವ ಸಾಫ್ಟ್‌ವೇರ್ ಮಕ್ಕಳಿಗೆ ಏನು ಹೇಳಲಿ, ಇಳಿಯಿರಿ.

• ಹಾಗಾದರೆ ನೀವೇ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ಸ್ವಂತ ಮನೆ, ತಾಮ್ರದ ವೈರು, ಗಟ್ಟಿ ಬಾಕ್ಸು, ಹಳೇ ದೀಪ ತೆಗೆದು ಅದೇ ಜಾಗಕ್ಕೆ ಮುದ್ರೆಯಿರುವ ಹೊಸ ದೀಪ, ಆ ಊರಿನ ಕಾನೂನಿನ ಒಪ್ಪಿಗೆ, ಇಷ್ಟಿದ್ದರೆ ಧೈರ್ಯವಾಗಿ ಮಾಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಇದಕ್ಕೆ ಮೀರಿದ್ದೆಲ್ಲ ಲೈಸೆನ್ಸ್ ಇರುವವರಿಗೆ ಬಿಡಿ. ಅವರು ಕೇಳುವ ಡಾಲರನ್ನು ರೂಪಾಯಿಗೆ ಗುಣಿಸಿ ಎದೆ ಒಡೆದುಕೊಳ್ಳಬೇಡಿ, ನಿಮ್ಮ ಸಂಬಳವನ್ನೂ ಹಾಗೇ ಗುಣಿಸಿ. ಯಾರನ್ನು ಕರೆಯಬೇಕೆಂದು ತಿಳಿಯದಿದ್ದರೆ ನ್ಯೂಜೆರ್ಸಿಯವರು ಅಲ್ಲಿನ ಬೃಂದಾವನ ಕನ್ನಡ ಸಂಘದಲ್ಲಿ, ಕ್ಯಾಲಿಫೋರ್ನಿಯಾದವರು ಅಲ್ಲಿನ ಕನ್ನಡ ಕೂಟದಲ್ಲಿ ವಿಚಾರಿಸಿ. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರ ಮನೆಗೂ ಯಾರೋ ಬಂದು ದೀಪ ಹಾಕಿಕೊಟ್ಟಿರುತ್ತಾರೆ.

• ರಜಕ್ಕೆ ಊರಿಗೆ ಬರುವಾಗ ಅಲ್ಲಿನ ಚಂದದ ದೀಪಗಳನ್ನು ಸೂಟ್‌ಕೇಸಿಗೆ ತುಂಬಬೇಡಿ. 120 ವೋಲ್ಟಿನ ಬಲ್ಬಿಗೆ ನಮ್ಮ 230 ಕೊಟ್ಟರೆ ಒಂದು ಮಿಂಚು, ಮುಗಿಯಿತು. ಅಪ್ಪ ಅಮ್ಮನ ಮನೆಗೆ ಬೇಕಾದ ದೀಪ ಮಂಡ್ಯದ ವಿ.ವಿ. ರಸ್ತೆಯಲ್ಲೇ ಸಿಗುತ್ತದೆ, ಹಾಕಿಕೊಡಲು ನಾವಿದ್ದೇವೆ. ಬರುವಾಗ ಒಂದು ಒಳ್ಳೆಯ ಮೀಟರ್ ಮಾತ್ರ ತನ್ನಿ.